ಪರದೆ ಹಳದಿಯಾಗಿತ್ತು, ಯಾರೂ ನೋಡಲಿಲ್ಲ

ಕಳೆದ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದೆ. ವಿಮಾನ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಜೋರಾಗಿ ಸದ್ದು ಮಾಡುತ್ತಾ ಮತ್ತೆ ಮೇಲೇರಿತು. ಪಕ್ಕದ ಅಜ್ಜಿ ನನ್ನ ಕೈ ಹಿಡಿದುಕೊಂಡು "ಏನಾತೋ ತಮ್ಮಾ?" ಅಂದರು. ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ, ಒಂದು ಸುತ್ತು ಹಾಕಿ ಬರುತ್ತೇವೆ ಅಂತ ಪೈಲಟ್ ಹೇಳಿದರು. ಹಿಂದಿನ ಸಾಲಿನವರು ತಡವಾಯಿತು ಅಂತ ಗೊಣಗಿದರು. ನನಗೆ ಮಾತ್ರ ನೆಮ್ಮದಿ ಅನ್ನಿಸಿತು, ಯಾಕೆಂದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಟೋಕಿಯೋದ ಹನೇಡಾ ವಿಮಾನ ನಿಲ್ದಾಣ.

2024ರ ಜನವರಿ 2, ಸಂಜೆ. ಹಿಂದಿನ ದಿನವಷ್ಟೇ ಜಪಾನಿನ ನೋಟೋ ಪ್ರದೇಶದಲ್ಲಿ ಭೂಕಂಪ ಆಗಿತ್ತು. ಅಲ್ಲಿನವರಿಗೆ ನೆರವಿನ ಸಾಮಾನು ಒಯ್ಯಲು ಕೋಸ್ಟ್ ಗಾರ್ಡ್‌ನ ಸಣ್ಣ ವಿಮಾನ ಹೊರಟಿತ್ತು. ರನ್‌ವೇ ಪಕ್ಕದ ಗೆರೆಯವರೆಗೆ ಬನ್ನಿ, ನೀವು ನಂಬರ್ ಒನ್ ಅಂತ ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಹೇಳಿದರು. ಹೊರಡುವ ಸಾಲಿನಲ್ಲಿ ಮೊದಲಿನವರು ಅಂತ ಅಷ್ಟೇ ಅದರ ಅರ್ಥ. ಕ್ಯಾಪ್ಟನ್ ಅದನ್ನೇ ಒಪ್ಪಿಗೆ ಅಂದುಕೊಂಡು ರನ್‌ವೇ ಮೇಲೇ ಹೋಗಿ ನಿಂತರು. ಸುಮಾರು 40 ಸೆಕೆಂಡ್ ನಿಂತಿದ್ದರು! ಕಂಟ್ರೋಲರ್ ಮುಂದಿನ ಪರದೆಯಲ್ಲಿ ರನ್‌ವೇ ಹಳದಿಯಾಗಿ ಎಚ್ಚರಿಕೆ ತೋರಿಸುತ್ತಿತ್ತು. ಆದರೆ ಅದಕ್ಕೆ ಸದ್ದಿರಲಿಲ್ಲ, ಅವರ ಕಣ್ಣು ಬೇರೆ ವಿಮಾನಗಳ ಮೇಲಿತ್ತು. ಜಪಾನ್ ಏರ್‌ಲೈನ್ಸ್‌ನ ಏರ್‌ಬಸ್ ಬಂದು ಅಪ್ಪಳಿಸಿತು. ಅದರಲ್ಲಿದ್ದ 379 ಜನರೂ ಉಳಿದರು. ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಹೋದರು.

ಇಂಥ ಸುದ್ದಿ ಬಂದ ತಕ್ಷಣ ನಾವು ಕೇಳುವುದು ಒಂದೇ, ತಪ್ಪು ಯಾರದು? ನಾನೂ ಹಾಗೇ ಕೇಳುತ್ತಿದ್ದೆ. 1991ರ ಲಾಸ್ ಏಂಜಲೀಸ್ ಅಪಘಾತದ ಬಗ್ಗೆ ಓದಿದ ಮೇಲೆ ನಿಲ್ಲಿಸಿದೆ. ಅಲ್ಲಿ ಕಂಟ್ರೋಲರ್ ಒಂದು ಸಣ್ಣ ವಿಮಾನವನ್ನು ರನ್‌ವೇ ಮೇಲೆ ನಿಲ್ಲಿಸಿ ಮರೆತುಬಿಟ್ಟರು. ಆ ಹೊತ್ತಿಗೆ ಇನ್ನೊಂದು ವಿಮಾನ ರೇಡಿಯೋದಲ್ಲಿ ಉತ್ತರವೇ ಕೊಡುತ್ತಿರಲಿಲ್ಲ, ಮತ್ತೊಂದರ ವಿವರ ಬರೆದ ಕಾಗದದ ಚೀಟಿ ಕೈಗೆ ಸಿಕ್ಕಿರಲಿಲ್ಲ, ನೆಲದ ರೇಡಾರ್ ಕೆಟ್ಟು ಕೂತಿತ್ತು, ಇದೆಲ್ಲದರ ನಡುವೆ ಇಳಿಯಲು ಬಂದ ಬೋಯಿಂಗ್‌ಗೆ ಒಪ್ಪಿಗೆ ಕೊಟ್ಟರು. 35 ಜನ ಸತ್ತರು. ತನಿಖೆ ಮಾಡಿದವರು ಅವರೊಬ್ಬರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ಒಬ್ಬರು ಮರೆತರೆ ಹಿಡಿಯಲು ಇನ್ನೊಬ್ಬರಿಲ್ಲದ ಟವರ್‌ನ ಪದ್ಧತಿಯನ್ನೇ ದೂರಿದರು. ಮನುಷ್ಯ ಅಂದಮೇಲೆ ಮರೆಯುತ್ತಾನೆ, ಅಲ್ವಾ?

ನಮ್ಮ ಬೆಂಗಳೂರಲ್ಲೂ ಆಗಿದೆ. 2022ರ ಜನವರಿ 7ರ ಬೆಳಗ್ಗೆ ಉತ್ತರದ ರನ್‌ವೇ ಒಂದೇ ಸಾಕು, ದಕ್ಷಿಣದ್ದು ಮುಚ್ಚೋಣ ಅಂತ ತೀರ್ಮಾನ ಆಯಿತು. ಆ ಮಾತು ದಕ್ಷಿಣದ ಟವರ್‌ಗೆ ಮುಟ್ಟಲೇ ಇಲ್ಲ. ಎರಡೂ ಕಡೆಯಿಂದ ಇಂಡಿಗೋದ ಎರಡು ವಿಮಾನ ಒಟ್ಟಿಗೆ ಮೇಲೆದ್ದು ಒಂದರ ಹತ್ತಿರ ಇನ್ನೊಂದು ಬಂದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ರೇಡಾರ್ ನೋಡುತ್ತಿದ್ದ ಕಂಟ್ರೋಲರ್ ಒಬ್ಬರು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತಿರುಗಿಸಿ ಉಳಿಸಿದರು. ಈ ಘಟನೆ ಯಾವ ಲಾಗ್ ಬುಕ್‌ನಲ್ಲೂ ದಾಖಲಾಗಿರಲಿಲ್ಲ ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ನನಗೆ ಹೆಚ್ಚು ಹೆದರಿಕೆ ಆಗುವುದು ಇದಕ್ಕೇ. ಹೇಳಿದರೆ ಕೆಲಸಕ್ಕೆ ಕುತ್ತು ಅನ್ನುವ ಭಯ ಇದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ? ಬರೆಯದೆ ಹೋದ ತಪ್ಪಿನಿಂದ ಮುಂದಿನ ಪಾಳಿಯವರು ಏನು ಕಲಿಯುತ್ತಾರೆ?

ಹನೇಡಾದಲ್ಲಿ ಅಪಘಾತವಾದ ನಾಲ್ಕೇ ದಿನಕ್ಕೆ ಆ ಪರದೆ ನೋಡಲೆಂದೇ ಒಬ್ಬರನ್ನು ಕೂರಿಸಿದರು. ಬೇರೆ ಕೆಲಸ ಇಲ್ಲ, ಸುಮ್ನೆ ನೋಡುವುದು, ಅಷ್ಟೇ. ಕೆಂಪೇಗೌಡ ನಿಲ್ದಾಣದ ಟವರ್‌ನಲ್ಲಿ, ಮಂಜು ಕವಿದ ಡಿಸೆಂಬರ್ ಬೆಳಗ್ಗೆ, ಸಾಲುಗಟ್ಟಿ ವಿಮಾನ ಕಾಯುತ್ತಿರುವಾಗ, ಹಾಗೆ ನೋಡಲೆಂದೇ ಒಬ್ಬರು ಕೂತಿರುತ್ತಾರಾ? ಗೊತ್ತಿದ್ದವರು ಹೇಳಿ.