ಅಲಾರಂ ಕೂಗಿದ ಮೇಲೆ: ಆರು ವಾರದ ಮನೆ ಪ್ರಾಜೆಕ್ಟ್

ವಾರ 1

ಇದು ಶುರುವಾಗಿದ್ದೇ ನನ್ನ ಸೋಮಾರಿತನದಿಂದ. ಬೆಳಗಿನ ಜಾವ ಹಾಲ್‌ನ ಹೊಗೆ ಅಲಾರಂ 'ಕೀಚ್' ಅಂತ ಒಮ್ಮೆ ಕೂಗಿತು. ಸುಮಾರು ಒಂದು ನಿಮಿಷ ಬಿಟ್ಟು ಮತ್ತೆ ಅದೇ. ನಿದ್ದೆಗಣ್ಣಲ್ಲೇ ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತು ಮಲಗಿಬಿಟ್ಟೆ. ಹನ್ನೊಂದು ದಿನ ನೆನಪೇ ಆಗಲಿಲ್ಲ.

ಹಾಗೆ ಬಿಟ್ಟು ಬಿಟ್ಟು ಬರುವ ಒಂಟಿ ಸದ್ದು ಸಾಮಾನ್ಯವಾಗಿ ಬ್ಯಾಟರಿ ಮುಗಿಯುತ್ತಿದೆ ಅಥವಾ ಅಲಾರಂನ ಆಯಸ್ಸೇ ಮುಗಿದಿದೆ ಅನ್ನುವ ಸೂಚನೆ. ಚಳಿಗೆ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಅದಕ್ಕೇ ಸರಿಯಾಗಿ ಬೆಳಗಿನ ಜಾವವೇ ಶುರುವಾಗುತ್ತದೆ.

ಕೆಳಗಿಳಿಸಿ ಬೆನ್ನು ತಿರುಗಿಸಿದರೆ ತಯಾರಾದ ವರ್ಷ 2012. ಹೊಗೆ ಅಲಾರಂ ಅನ್ನು 10 ವರ್ಷಕ್ಕೆ ಬದಲಿಸಬೇಕು. ಟೆಸ್ಟ್ ಬಟನ್ ಒತ್ತಿದರೆ ಈಗಲೂ ಜೋರಾಗಿಯೇ ಕೂಗುತ್ತದೆ. ಆದರೆ ಹಳೇ ಸೆನ್ಸರ್ ಹೊಗೆಯನ್ನು ಸರಿಯಾಗಿ ಹಿಡಿಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ವಾರ 2

ಹೊಸದಾಗಿ ಎರಡು ಹೊಗೆ ಅಲಾರಂ, ಮಲಗುವ ಕೋಣೆಗಳ ಹತ್ತಿರ ಒಂದು ಕಾರ್ಬನ್ ಮಾನಾಕ್ಸೈಡ್ (ಒಲೆ, ಗೀಸರ್‌ನಂಥವು ಸರಿಯಾಗಿ ಉರಿಯದಿದ್ದರೆ ಬರುವ ವಿಷಾನಿಲ) ಅಲಾರಂ. ಮೂರೂ ವೈರ್‌ಲೆಸ್‌ನಲ್ಲಿ ಜೋಡಿಯಾಗಿವೆ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಹೊಗೆಯದ್ದು ಸೀಲಿಂಗ್‌ಗೆ, ಒಲೆಯಿಂದ 3 ಮೀಟರ್ ದೂರ. ಡ್ರಿಲ್ ಹಿಡಿದಿದ್ದು ನಾನು, ನೆಟ್ಟಗಿದೆಯಾ ಅಂತ ನೋಡಿದ್ದು ಹೆಂಡತಿ. ಒಂದು ಸ್ವಲ್ಪ ವಾರೆಯಾಗಿದೆ. ಇರಲಿ.

ವಾರ 3

ಕೂಗುವ ರೀತಿ ಕಲಿತೆವು. ನಮ್ಮವುಗಳಲ್ಲಿ ಹೊಗೆಗೆ ಮೂರು ಬೀಪ್, ಬಿಡುವು, ಮತ್ತೆ ಮೂರು. ಕಾರ್ಬನ್ ಮಾನಾಕ್ಸೈಡ್‌ಗೆ ನಾಲ್ಕು ಬೀಪ್, ಬಿಡುವು. ಬಹಳಷ್ಟು ಮಾಡೆಲ್‌ಗಳಲ್ಲಿ ಹೀಗೇ ಇರುತ್ತದೆ, ಆದರೂ ಮ್ಯಾನುಯಲ್ ನೋಡಿಕೊಳ್ಳಿ. ಮಗಳು ಈಗ ಊಟದ ಮೇಜಿನ ಮೇಲೆ ಚಮಚದಲ್ಲಿ ಕುಟ್ಟಿ "ಅಜ್ಜಿ, ಇದು ಯಾವುದು?" ಅಂತ ಪರೀಕ್ಷೆ ಮಾಡುತ್ತಾಳೆ. ಅಮ್ಮ ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ನಾನು ಎರಡು ಸಲ.

ಮೂರು ಬೀಪ್ ಬಂದರೆ ಏನು ಮಾಡಬೇಕು ಅನ್ನುವುದರಲ್ಲಿ ಜಗಳ ಇರಲಿಲ್ಲ. ಮುಚ್ಚಿದ ಬಾಗಿಲಿಗೆ ಅಂಗೈ ಹಿಂಬದಿ ಮುಟ್ಟಿಸಿ ನೋಡು, ಬಿಸಿ ಇದ್ದರೆ ತೆಗೆಯಬೇಡ, ಬೇರೆ ದಾರಿ ಹುಡುಕು. ಹೊಗೆ ಇದ್ದರೆ ಬಗ್ಗಿ ನಡೆ. ದಾಟಿದ ಬಾಗಿಲನ್ನು ಹಿಂದೆ ಮುಚ್ಚಿಕೊಂಡು ಹೋಗು. ಹೊರಗೆ ಹೋಗಿ ತಲೆ ಎಣಿಸಿ ಅಗ್ನಿಶಾಮಕಕ್ಕೆ ಫೋನ್ ಮಾಡು. ಮತ್ತೆ ಒಳಗೆ ಹೋಗಬೇಡ.

ಜಗಳ ಬಂದಿದ್ದು ನಾಲ್ಕು ಬೀಪ್‌ಗೆ. "ಮೊದಲು ಕಿಟಕಿ ತೆಗೆದು, ಎಲ್ಲಿಂದ ಬರ್ತಿದೆ ನೋಡೋಣ" ಅಂದೆ ನಾನು. "ಬಣ್ಣ ಇಲ್ಲ, ವಾಸನೆ ಇಲ್ಲ. ಏನು ನೋಡ್ತೀರಿ?" ಅಂದಳು ಹೆಂಡತಿ. ಅಲ್ಲಿಗೆ ನನ್ನ ವಾದ ಮುಗಿಯಿತು.

ಆಮೇಲೆ ಓದಿದಾಗ ಅವಳ ಮಾತು ಇನ್ನೂ ಗಟ್ಟಿಯಾಯಿತು. ಈ ಅಲಾರಂ ಅನಿಲ ತಾಗಿದ ತಕ್ಷಣ ಕೂಗುವುದಿಲ್ಲ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ಗಾಳಿಯಲ್ಲಿ ಈ ಅನಿಲ 70 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 70 ಭಾಗ) ಇದ್ದರೆ 1ರಿಂದ 4 ಗಂಟೆಯೊಳಗೆ, 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಅಂದರೆ ಅದು ಬಾಯಿ ಬಿಡುವ ಹೊತ್ತಿಗೆ ನಾವು ಆಗಲೇ ಉಸಿರಾಡಿ ಆಗಿರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಈ ಅನಿಲ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತುತ್ತಿರುವ ಮನುಷ್ಯ ಗೀಸರ್ ಕೆಟ್ಟಿದೆಯಾ, ಒಲೆ ಕೆಟ್ಟಿದೆಯಾ ಅಂತ ಹುಡುಕುತ್ತಾ ನಿಲ್ಲುವುದು ಎಂಥ ಮಾತು! ಕಿಟಕಿ ತೆಗೆದರೆ ಇನ್ನೊಂದು ತೊಂದರೆ ಇದೆ. ಅನಿಲ ಚದುರಿ ಅಲಾರಂ ಸುಮ್ಮನಾಗುತ್ತದೆ, ಕೆಟ್ಟಿದ್ದು ಕೆಟ್ಟೇ ಇರುತ್ತದೆ, ನಾವು ವಾಪಸ್ ಬಂದು ಮಲಗುತ್ತೇವೆ.

ಹಾಗಾಗಿ ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆದಿದ್ದು: ನಾಲ್ಕು ಬೀಪ್ ಅಂದರೆ ಎಲ್ಲರೂ ಹೊರಗೆ. ಫೋನ್ ಹೊರಗಿನಿಂದ. ಯಾರಿಗಾದರೂ ತಲೆನೋವು, ವಾಕರಿಕೆ, ಸುಸ್ತು ಇದ್ದರೆ ಫೋನ್‌ನಲ್ಲೇ ಹೇಳುವುದು. ತಿಳಿದವರು ಬಂದು ಪರೀಕ್ಷೆ ಮಾಡುವವರೆಗೆ ಯಾರೂ ಒಳಗಿಲ್ಲ. "ತಲೆನೋವು ಇಲ್ಲ, ಹಾಗಾಗಿ ಸುಳ್ಳು ಅಲಾರಂ" ಅನ್ನುವುದನ್ನೂ ಒಪ್ಪುವುದಿಲ್ಲ.

ವಾರ 4

ಅಲಾರಂ ಕೂಗಿದರೆ ಎಲ್ಲರೂ ಹೊರಗೆ ಹೋಗುವ ಅಭ್ಯಾಸ ಶುರು. ಅಭ್ಯಾಸ ಒಂದು, ಮೊದಲೇ ಹೇಳಿ ಮಾಡಿದ್ದು: 3 ನಿಮಿಷ 10 ಸೆಕೆಂಡ್. ಅದರಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಹೋಗಿದ್ದು ಬಾಗಿಲಿನ ಕೀ ಹುಡುಕುವುದಕ್ಕೆ. ಬಾಗಿಲ ಪಕ್ಕ ಮೊಳೆ ಹೊಡೆದು ಕೀ ತೂಗುಹಾಕಿದೆ. ಮಾರನೇ ದಿನ 1 ನಿಮಿಷ 25 ಸೆಕೆಂಡ್.

ಅಭ್ಯಾಸ ಮೂರು, ಹೇಳದೆ ರಾತ್ರಿ ಮಾಡಿದ್ದು. ಅಮ್ಮ ಎದ್ದರು, ಮಗಳು ಎದ್ದಳು. ಆರು ವರ್ಷದ ಮಗ ಮಗ್ಗುಲು ಬದಲಿಸಿ ಗೊರಕೆ ಹೊಡೆದ. ಮಕ್ಕಳು ಈ ಕೀರಲು ಸದ್ದಿಗೆ ಏಳದೇ ಇರುವುದು ಅಪರೂಪವಲ್ಲ. 520 ಹರ್ಟ್ಸ್‌ನ ತಗ್ಗಿನ ದನಿಗೆ ಅವರು ಎಚ್ಚರವಾಗುವ ಸಾಧ್ಯತೆ ಜಾಸ್ತಿ. ಅಂಥದ್ದು ಸಿಗುವವರೆಗೆ ಅವನನ್ನು ಎತ್ತಿಕೊಂಡು ಬರುವುದು ನನ್ನ ಕೆಲಸ. ಅವನ ಕೋಣೆಯ ಒಳಗೇ ಇನ್ನೊಂದು ಅಲಾರಂ ಹಾಕಿದೆ. ಬಾಗಿಲು ಮುಚ್ಚಿದ್ದರೆ ಹೊಗೆ ಬರುವುದು ತಡವಾಗುತ್ತದೆ, ಆದರೆ ಹಾಲ್‌ನ ಸದ್ದೂ ಕುಗ್ಗುತ್ತದೆ ಅಲ್ವಾ.

ವಾರ 6

ನಿಜವಾಗಿಯೇ ಕೂಗಿತು! ಮೂರು ಬೀಪ್. ನಾನು ಬಿಸಿನೀರಿನ ಸ್ನಾನ ಮುಗಿಸಿ ಬಚ್ಚಲ ಬಾಗಿಲು ತೆಗೆದೆ, ಹಬೆಯೆಲ್ಲ ಅಲಾರಂಗೆ ನುಗ್ಗಿತು. ಹಬೆ ಅಂತ ಕಣ್ಣಾರೆ ನೋಡಿದ ಮೇಲೆ, ಸದ್ದನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಹಶ್ ಬಟನ್ ಒತ್ತಿದೆ. ಬ್ಯಾಟರಿ ಕೀಳಲಿಲ್ಲ. ತಿರುಗಿ ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಗೇಟಿನ ಹತ್ತಿರ, ಅಮ್ಮ ತಲೆ ಎಣಿಸುತ್ತಿದ್ದಾರೆ. "ಒಬ್ಬ ಕಡಿಮೆ" ಅಂತ ನನ್ನನ್ನೇ ಬೈದರು, ಅದೂ ಟವೆಲ್‌ನಲ್ಲಿ ನಿಂತಿದ್ದಾಗ.

ಬಾಕಿ ಕೆಲಸ: ಆ ಅಲಾರಂ ಅನ್ನು ಬಚ್ಚಲಿಂದ ದೂರಕ್ಕೆ ಸರಿಸಬೇಕು. ಮುಂಬಾಗಿಲ ಮೇಲಿನ ಚಿಲಕ ಮಗಳಿಗೆ ಎಟುಕುವುದಿಲ್ಲ, ಅದನ್ನು ಒಂದು ಮೊಳ ಕೆಳಗೆ ತರಬೇಕು. ಸ್ಕ್ರೂಡ್ರೈವರ್ ಎಲ್ಲಿಟ್ಟೆನೋ.