ಓಕ್ ಮರಗಳ ಊರಿನಲ್ಲಿ ಹತ್ತು ದಿನ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಸ್ಟೆಲೆನ್‌ಬಾಷ್‌ಗೆ ನಾನು ಹೋದದ್ದು ಮಾರ್ಚ್ ತಿಂಗಳಲ್ಲಿ, ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳಲ್ಲಿ. ವೈನ್ ರುಚಿ ನೋಡಲು ಬರುವವರು ಬಹುಮಟ್ಟಿಗೆ ಒಂದೇ ಮಧ್ಯಾಹ್ನದಲ್ಲಿ ಊರನ್ನು ಮುಗಿಸಿ ಹೊರಟುಬಿಡುತ್ತಾರೆ. ನಾನು ಡಾರ್ಪ್ ಬೀದಿಯ ಬಳಿ ಕೋಣೆಯೊಂದನ್ನು ಹಿಡಿದು ಹತ್ತು ದಿನ ಉಳಿದೆ.

ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಗಾರ ಸೀಮೋನ್ ಫಾನ್ ಡೆರ್ ಸ್ಟೆಲ್ 1679ರಲ್ಲಿ ನೆಲೆಗೊಳಿಸಿದ ಈ ಊರು, ಆ ದೇಶದ ಯುರೋಪಿಯನ್ ವಸಾಹತುಗಳಲ್ಲಿ ಕೇಪ್‌ಟೌನ್ ಬಿಟ್ಟರೆ ಅತ್ಯಂತ ಹಳೆಯದು. ಸುಣ್ಣ ಬಳಿದ ದಪ್ಪ ಗೋಡೆಗಳ ಮನೆಗಳೂ ಅವುಗಳ ಮುಂದಿನ ಓಕ್ ಮರಗಳೂ ಎಲ್ಲ ಚಿತ್ರಗಳಲ್ಲಿ ಕಾಣುತ್ತವೆ. ಚಿತ್ರಗಳಲ್ಲಿ ಕಾಣದಿರುವುದು ಬೀದಿಯಂಚಿನ ಸಣ್ಣ ಕಾಲುವೆಗಳು. ಏರ್ಸ್ಟ ನದಿಯಿಂದ ತಿರುಗಿಸಿ ತಂದ ಆ ನೀರಿಗೆ ಆಫ್ರಿಕಾನ್ಸ್ ಭಾಷೆಯಲ್ಲಿ ‘ಲೇವಾಟರ್’, ಅಂದರೆ ನಡೆಸಿ ತಂದ ನೀರು, ಎನ್ನುತ್ತಾರೆ. ಒಂದು ಮುಂಜಾನೆ ನೆರೆಮನೆಯ ಮುದುಕರೊಬ್ಬರು ಮರದ ಹಲಗೆಯೊಂದನ್ನು ಕಾಲುವೆಗೆ ಅಡ್ಡ ಇಳಿಸಿ ನೀರನ್ನು ತಮ್ಮ ಹಿತ್ತಿಲಿಗೆ ತಿರುಗಿಸಿದರು. ಗದ್ದೆಯ ಬದುವಿನಲ್ಲಿ ಹಾರೆಯಿಂದ ಮಣ್ಣು ಎಳೆದು ಮಡೆ ತಿರುಗಿಸುವುದನ್ನು ನೋಡಿ ಬೆಳೆದ ನನಗೆ, ಇಡೀ ಊರು ಆ ಕ್ಷಣಕ್ಕೆ ಪರಿಚಿತವಾಯಿತು.

ವಾಸಕ್ಕೆ ಈ ಊರು ಹಿತವೆನಿಸುವುದಕ್ಕೆ ವೈನ್‌ಗಿಂತ ಈ ನೆರಳು, ನೀರು ಮತ್ತು ನಡಿಗೆಯ ದೂರಗಳೇ ಕಾರಣವೆಂದು ನನ್ನ ಅನಿಸಿಕೆ. ರೊಟ್ಟಿಯಂಗಡಿ, ಹುಲ್ಲುಮೈದಾನ ‘ಬ್ರಾಕ್’, ಅದರ ಪಕ್ಕದ 1777ರ ಸಿಡಿಮದ್ದಿನ ಉಗ್ರಾಣ, ವಿಶ್ವವಿದ್ಯಾಲಯ, ಎಲ್ಲಕ್ಕೂ ಕಾಲ್ನಡಿಗೆ ಸಾಕು. ಸೈಕಲ್ ಏರಿದ ವಿದ್ಯಾರ್ಥಿಗಳು ಊರನ್ನು ವಸ್ತುಸಂಗ್ರಹಾಲಯವಾಗಲು ಬಿಟ್ಟಿಲ್ಲ. ಇಲ್ಲಿಯದೇ ತಳಿಯಾದ ಪಿನೋಟಾಜ್, 1925ರಲ್ಲಿ ಅಬ್ರಹಾಂ ಪೆರೋಲ್ಡ್ ಎಂಬ ಪ್ರಾಧ್ಯಾಪಕರು ಎರಡು ಫ್ರೆಂಚ್ ದ್ರಾಕ್ಷಿಗಳನ್ನು ಸಂಕರ ಮಾಡಿದ್ದರ ಫಲ. ಒಂದು ಲೋಟ ಕುಡಿದೆ, ಹೊಗೆಯ ವಾಸನೆ ನನಗೆ ಹಿಡಿಸಲಿಲ್ಲ.

ಆದರೆ ಬಿಳಿ ಗೋಡೆಗಳ ಚೆಲುವನ್ನಷ್ಟೇ ಹೊಗಳಿ ಸುಮ್ಮನಾಗುವುದು ನನ್ನಿಂದಾಗದು. ಈ ಕೇಪ್ ಸೀಮೆಯ ಡಚ್ಚರ ಕಾಲದ ತೋಟಗಳಲ್ಲಿ ದುಡಿದವರು ಗುಲಾಮರು; ಅವರಲ್ಲಿ ಹಲವರನ್ನು ಡಚ್ ಕಂಪನಿಯ ಹಡಗುಗಳು ನಮ್ಮದೇ ಉಪಖಂಡದಿಂದ ತಂದಿದ್ದವು. ಹಳೆಯ ದಾಖಲೆಗಳಲ್ಲಿ ಅವರ ಹೆಸರುಗಳ ಕೊನೆಗೆ ‘ಫಾನ್ ಬೆಂಗಾಲೆನ್’, ‘ಫಾನ್ ಮಲಬಾರ್’ ಎಂದಿರುತ್ತದೆ. ತಂದೆತಾಯಿ ಇಟ್ಟ ಹೆಸರು ಹೋಗಿ ಬಿಟ್ಟುಬಂದ ನಾಡಿನ ಹೆಸರಷ್ಟೇ ಉಳಿಯಿತು. ಊರ ನಡುವಿನ ‘ಡಿ ಫ್ಲಾಕ್ಟ’ ಎಂಬ ಬಡಾವಣೆಯನ್ನು 1964ರಲ್ಲಿ ಬಿಳಿಯರ ಪ್ರದೇಶವೆಂದು ಘೋಷಿಸಿದ ವರ್ಣಭೇದದ ಸರ್ಕಾರ, ಅಲ್ಲಿದ್ದ ಮಿಶ್ರವರ್ಣದ ಕುಟುಂಬಗಳನ್ನು ಊರಾಚೆಗೆ ಎಬ್ಬಿಸಿತು.

ಅವರ ಮಕ್ಕಳು ಓದಿದ ಲುಕ್‌ಹಾಫ್ ಶಾಲೆಯ ಕಟ್ಟಡ ಈಗ ವಿಶ್ವವಿದ್ಯಾಲಯದ ಬಳಕೆಯಲ್ಲಿದೆ. ಹೊರಡುವ ಹಿಂದಿನ ಸಂಜೆ ಅದರ ಮುಂದೆ ಹಾದು ಬರುವಾಗ, ಓಕ್ ಕಾಯೊಂದು ಹೆಂಚಿನ ಮೇಲೆ ಟಪ್ಪೆಂದು ಬಿದ್ದು ಉರುಳಿ ಕಾಲುವೆಗೆ ಇಳಿಯಿತು.