ನಾಟಿ ಕುರಿಗೂ ಬರುವ ನೀಲಿ ನಾಲಿಗೆ

ಹಿರಿಯೂರಿನ ಕಡೆ ಕುರಿ ಸಾಕಿರುವ ನಮ್ಮ ಚಿಕ್ಕಪ್ಪ ಒಂದು ಕಾರ್ತಿಕದಲ್ಲಿ, ಮೂತಿ ಊದಿಸಿಕೊಂಡು ಜೊಲ್ಲು ಸುರಿಸುತ್ತ ಕುಂಟುತ್ತಿದ್ದ ಕುರಿಗಳನ್ನು ರೊಪ್ಪದಲ್ಲಿ ತೋರಿಸಿ, “ಸೀಮೆ ಕುರಿಗಾದರೆ ಸರಿ, ನಾಟಿ ಕುರಿಗೆ ಈ ರೋಗ ಯಾಕಪ್ಪಾ ಬಂತು?” ಎಂದು ಕೇಳಿದ್ದರು. ನಾನು ಅಂದು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ನಾಟಿ ಕುರಿಗೆ ಈ ರೋಗ ಬಾರದು ಎಂಬ ಅವರ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. 18ನೇ ಶತಮಾನದ ಕೊನೆಯಲ್ಲಿ ಯುರೋಪಿನ ಮೆರಿನೋ ಕುರಿಗಳನ್ನು ದಕ್ಷಿಣ ಆಫ್ರಿಕಕ್ಕೆ ತಂದ ಮೇಲೆಯೇ ನೀಲಿ ನಾಲಿಗೆ ರೋಗ ಜನರ ಕಣ್ಣಿಗೆ ಬಿದ್ದದ್ದು. ಅಲ್ಲಿನ ಸ್ಥಳೀಯ ತಳಿಗಳ ಮೈಯಲ್ಲಿ ವೈರಸ್ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಮೆರಿನೋಗಳು ಮಾತ್ರ ಜ್ವರ ಬಂದು, ಬಾಯಿ ಹುಣ್ಣಾಗಿ ಸಾಯುತ್ತಿದ್ದವು. ಉತ್ತರ ಭಾರತದಲ್ಲಿಯೂ ಲಕ್ಷಣಗಳು ಹೆಚ್ಚಾಗಿ ಕಂಡದ್ದು ವಿದೇಶಿ ತಳಿಗಳಲ್ಲಿ ಮತ್ತು ಅವುಗಳ ಮಿಶ್ರತಳಿಗಳಲ್ಲಿ.

ಈ ಲೆಕ್ಕ ತಪ್ಪುವುದು ನಮ್ಮ ದಕ್ಷಿಣದಲ್ಲಿ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಮಳೆಗಾಲದ ಬೆನ್ನಿಗೇ ಬರುವ ಈ ರೋಗ ಶತಮಾನಗಳಿಂದ ಇಲ್ಲೇ ಮೇಯ್ದುಕೊಂಡಿರುವ ನಾಟಿ ಕುರಿಗಳನ್ನೇ ಕೊಲ್ಲುತ್ತದೆ. ಇದನ್ನು ಹರಡುವ ಕ್ಯುಲಿಕಾಯ್ಡಿಸ್ ಕೀಟ ಸೊಳ್ಳೆಗಿಂತ ಎಷ್ಟೋ ಚಿಕ್ಕದು. ಸಗಣಿ, ಗಂಜಲ, ಕೆಸರು ಸೇರಿದಲ್ಲೆಲ್ಲ ಹುಟ್ಟುತ್ತದೆ. ವೈರಸ್ಸಿಗೆ ಇಪ್ಪತ್ತನಾಲ್ಕಕ್ಕೂ ಹೆಚ್ಚು ಸಿರೋಟೈಪ್‌ಗಳು, ಅಂದರೆ ಒಳಬಗೆಗಳು ಇದ್ದು, ಒಂದರಿಂದ ಚೇತರಿಸಿಕೊಂಡ ಕುರಿ ಮರುವರ್ಷ ಇನ್ನೊಂದಕ್ಕೆ ಬಲಿಯಾಗಬಹುದು. ನಮ್ಮಲ್ಲಿನ ಲಸಿಕೆಯಲ್ಲಿ 1, 2, 10, 16, 23 ಎಂಬ ಐದನ್ನು ಒಟ್ಟಿಗೆ ಸೇರಿಸಿರುವುದು ಈ ಕಾರಣಕ್ಕೇ. ಅದೇ ರೊಪ್ಪದಲ್ಲಿದ್ದ ಚಿಕ್ಕಪ್ಪನ ಮೇಕೆಗಳು ಆರಾಮವಾಗಿ ಜಾಲಿ ಸೊಪ್ಪು ಮೇಯುತ್ತಿದ್ದವು. ಮೇಕೆಗೂ ಸೋಂಕು ತಗಲುತ್ತದೆ, ರಕ್ತದಲ್ಲಿ ವೈರಸ್ ಇರುತ್ತದೆ; ಲಕ್ಷಣ ಕಾಣುವುದು ಮಾತ್ರ ಅಪರೂಪ.

ಹಳೆಯ ತಳಿಯೆಂದರೆ ಗಟ್ಟಿ ತಳಿ ಎಂಬ ಮಾತು ಇದಕ್ಕಿಂತ ದುಬಾರಿಯಾಗಿ ಸುಳ್ಳಾದದ್ದು ಐಸ್‌ಲ್ಯಾಂಡಿನಲ್ಲಿ. ಸಾವಿರ ವರ್ಷಗಳ ಹಿಂದೆ ವಲಸಿಗರ ಜೊತೆ ಬಂದ ಅಲ್ಲಿನ ಕುರಿಗಳು ಚಳಿಗೂ ಹಸಿವಿಗೂ ಜಗ್ಗದವು. 1933ರಲ್ಲಿ ಜರ್ಮನಿಯ ಹಾಲೆಯಿಂದ 20 ಕರಾಕುಲ್ ಕುರಿಗಳನ್ನು ತರಿಸಿ, ಕೆಲಕಾಲ ಪ್ರತ್ಯೇಕವಾಗಿಟ್ಟು, ಆರೋಗ್ಯವಾಗಿವೆ ಎಂದೇ ಬೇರೆ ಬೇರೆ ಊರುಗಳ ಸಾಕಣೆದಾರರಿಗೆ ಹಂಚಿದರು. ಕೆಲವು ವರ್ಷಗಳ ನಂತರ ಸ್ಥಳೀಯ ಕುರಿಗಳು ಏದುಸಿರು ಬಿಡುತ್ತ ಸಾಯತೊಡಗಿದವು. ರೋಗದ ಹೆಸರಾದ ‘ಮೇಡಿ’ ಎಂಬುದಕ್ಕೆ ಅವರ ಭಾಷೆಯಲ್ಲಿ ಏದುಸಿರು ಎಂದೇ ಅರ್ಥ. ವೈರಸ್ ಹೊತ್ತು ತಂದಿದ್ದ ಕರಾಕುಲ್‌ಗಳಲ್ಲಿ ರೋಗ ಹೊರಗೆ ಕಂಡಿರಲೇ ಇಲ್ಲ. ಜಿಲ್ಲೆ ಜಿಲ್ಲೆಯ ಹಿಂಡುಗಳನ್ನೇ ಕಡಿದು, ರೋಗವಿಲ್ಲದ ಕಡೆಯಿಂದ ಮರಿಗಳನ್ನು ತಂದು ತುಂಬಿಸಿದ ಮೇಲೆ, 1965ರ ಹೊತ್ತಿಗೆ ಅದು ತೊಲಗಿತು. ಇಂಥ ರೋಗಗಳನ್ನು ಅಧ್ಯಯನ ಮಾಡಿಯೇ ಅಲ್ಲಿನ ವಿಜ್ಞಾನಿ ಬ್ಯೋರ್ನ್ ಸಿಗುರ್ಡ್‌ಸನ್ 1954ರಲ್ಲಿ, ಸೋಂಕು ತಗಲಿ ಬಹುಕಾಲದ ಮೇಲೆ ರೋಗ ಕಾಣಿಸುವ ‘ನಿಧಾನ ಸೋಂಕು’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು.

ಮೇಡಿಯ ಗುಂಪಿನ ವೈರಸ್ಸಿಗೆ ಕುರಿ ಎಷ್ಟು ಸುಲಭವಾಗಿ ತುತ್ತಾಗುತ್ತದೆ ಎಂಬುದರಲ್ಲಿ ಟಿಎಂಇಎಂ154 ಎಂಬ ಜೀನ್‌ಗೆ ದೊಡ್ಡ ಪಾತ್ರವಿದೆಯೆಂದು 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಜೀನ್‌ನ ಯಾವ ರೂಪ ಎಷ್ಟು ಕುರಿಗಳಲ್ಲಿದೆ ಎಂಬುದು ತಳಿಯಿಂದ ತಳಿಗೆ ಬದಲಾಗುತ್ತದೆ. ಆದರೆ ಅವರು ತೋರಿಸಿದ್ದು ಆ ಬಗೆಯ ವೈರಸ್ಸಿನ ವಿಷಯದಲ್ಲಷ್ಟೇ, ನೀಲಿ ನಾಲಿಗೆಯ ವೈರಸ್ ಬೇರೆಯೇ ಗುಂಪಿನದು. ಆದ್ದರಿಂದ ಯಾವ ರೋಗಕ್ಕೆ ಎಂದು ಹೇಳದೆ ಒಂದು ತಳಿಯನ್ನು ಗಟ್ಟಿ ಎನ್ನುವುದು ನನಗೆ ಅರ್ಧ ವಾಕ್ಯದಂತೆ ಕೇಳಿಸುತ್ತದೆ.

ಚಿಕ್ಕಪ್ಪನಿಗೆ ಇಷ್ಟನ್ನೂ ಹೇಳಿ ಮುಗಿಸಿದಾಗ ಅವರು ಕೇಳಿದ್ದು, ಸಂತೆಯಿಂದ ಹೊಸದಾಗಿ ತಂದ ಬನ್ನೂರು ಟಗರನ್ನು ಎಷ್ಟು ದಿನ ಬೇರೆ ಕಟ್ಟಬೇಕು ಎಂದು.